ಗೂರ್ಖಣ್ಣನಿಗೆ, ಒರೆಯ ವಿಚಾರವಾಗಿ

ಗೂರ್ಖಣ್ಣ,

ನೀವು ಕೊಪ್ಪದ ಪೇಟೆ ಬಿಟ್ಟು ಬಹಳ ವರ್ಷವಾಯಿತು. ಊರಿಗೆ ಹೋದಿರೋ, ಘಟ್ಟದ ಕೆಳಗೆ ಬೇರೆ ಪೇಟೆ ಹಿಡಿದಿರೋ, ಯಾರಿಗೂ ಹೇಳಲಿಲ್ಲ. ತಿಂಗಳ ಮೊದಲ ವಾರ ಅಂಗಡಿಯಿಂದ ಅಂಗಡಿಗೆ ಬಂದು ಸೆಲ್ಯೂಟ್ ಹೊಡೆದು ನಿಲ್ಲುತ್ತಿದ್ದವರು ಒಂದು ತಿಂಗಳು ಬರಲಿಲ್ಲ. ರಾತ್ರಿ ಸೀಟಿಯೂ ಲೈಟುಕಂಬಕ್ಕೆ ದೊಣ್ಣೆ ಬಡಿದ ಸದ್ದೂ ಕೇಳಿ ಎಷ್ಟೋ ದಿನವಾಯಿತಲ್ಲ ಎಂದು ಪೇಟೆಯವರಿಗೆ ಆಗ ಹೊಳೆಯಿತು. ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ನಿಮ್ಮಂಥವರನ್ನು ನೋಡಿದ ನೆನಪುಳ್ಳವರು ಇದ್ದಾರೆ. ಈಗ ರಾತ್ರಿ ಕಾವಲಿನ ಆ ಕೆಲಸವನ್ನು ಅಂಗಡಿಗಳ ಸಿಸಿ ಕ್ಯಾಮೆರಾ ಮಾಡುತ್ತದೆ.

ನಾನು ಬರೆಯುತ್ತಿರುವುದು ನಿಮ್ಮ ಸೊಂಟದಲ್ಲಿದ್ದ ಕುಕ್ರಿ ಕತ್ತಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಅದರ ಒರೆಯ ಬಗ್ಗೆ.

ಮಲೆನಾಡಿನವರಿಗೆ ಕತ್ತಿ ಹೊಸದಲ್ಲ, ಅದು ನಿಮಗೂ ಗೊತ್ತಿತ್ತು. ತೋಟಕ್ಕೆ ಇಳಿಯುವವನು ಸೊಂಟದ ಹಿಂದೆ ಕೊಕ್ಕೆ ಕಟ್ಟಿ ಕತ್ತಿ ಸಿಕ್ಕಿಸಿಕೊಳ್ಳದೆ ಮನೆಯಿಂದ ಹೊರಡುವುದಿಲ್ಲ. ಸೊಪ್ಪು ಕಡಿಯುವುದು, ಬೇಲಿ ಸವರುವುದು, ಬಾಳೆಗೊನೆ ಇಳಿಸುವುದು, ದಾರಿಗೆ ಅಡ್ಡ ಬಿದ್ದ ಬಿದಿರನ್ನು ಸರಿಸುವುದು, ಎಲ್ಲಕ್ಕೂ ಅದೊಂದೇ. ನಿಮ್ಮದರಂತೆ ನಮ್ಮದೂ ಬಾಯಿಯ ಕಡೆಗೆ ಬಾಗಿದ್ದು. ಬೀಸಿದಾಗ ತೂಕವೆಲ್ಲ ಮುಂದಕ್ಕೆ ಬರುತ್ತದೆ, ಕೈಗೆ ಶ್ರಮ ಕಡಿಮೆ. ಗುಡ್ಡದ ಜನಕ್ಕೆ ಬೇಕಾದ ಕತ್ತಿ ಹಿಮಾಲಯದಲ್ಲಾಗಲಿ ಸಹ್ಯಾದ್ರಿಯಲ್ಲಾಗಲಿ ಹೆಚ್ಚುಕಡಿಮೆ ಒಂದೇ ಕಡೆ ಬಾಗಿದೆ. ಆದರೆ ನಮ್ಮ ಕತ್ತಿ ಬರಿಮೈಯಲ್ಲಿ ನೇತಾಡುತ್ತದೆ. ಕೊಡಗಿನವರ ಅಗಲ ಬಾಯಿಯ ಒಡಿಕತ್ತಿಯೂ ಹಾಗೆಯೇ. ಬೆನ್ನಿಗೆ ಕಟ್ಟಿದ ತೋಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಅದು ಬೆತ್ತಲೆಯಾಗಿ ಕೂರುತ್ತದೆ. ಅವರಲ್ಲಿ ಒರೆ ಇರುವುದು ಮುಂದೆ ಸಿಕ್ಕಿಸುವ ಪೀಚೆಕತ್ತಿಗೆ. ದಿನದ ಕೆಲಸದ ಕತ್ತಿಗೆ ಚರ್ಮದ ಒರೆ ಹೊಲಿಸಿಕೊಂಡವರನ್ನು ನಾನು ಮೊದಲು ಕಂಡದ್ದು ನಿಮ್ಮಲ್ಲಿ.

ಕುಕ್ರಿ ತೋರಿಸಿ ಎಂದು ನಾವು ಹುಡುಗರು ದುಂಬಾಲು ಬಿದ್ದಾಗ ನೀವು ಅದನ್ನು ಎಳೆಯಲಿಲ್ಲ. ಒರೆಯ ಬೆನ್ನಿನಲ್ಲಿದ್ದ ಪುಟ್ಟ ಕಿಸೆಗಳಿಂದ ಎರಡು ಚೂರಿ ತೆಗೆದಿರಿ. ಒಂದು ಹರಿತವಾದದ್ದು, ಕರ್ದಾ. ಈರುಳ್ಳಿ ಹೆಚ್ಚಲು, ದಾರ ಕೊಯ್ಯಲು. ಇನ್ನೊಂದು ಮೊಂಡು, ಚಕ್‌ಮಕ್. ಅದನ್ನು ಗದ್ದೆಬದುವಿನ ಬಿಳಿ ಬೆಣಚುಕಲ್ಲಿಗೆ ಗೀರಿ ಕಿಡಿ ಹಾರಿಸಿದಿರಿ. ನಾವು ಹೌಹಾರಿ ಹಿಂದೆ ಸರಿದೆವು, ನೀವು ನಕ್ಕಿರಿ. ಅದೇ ಮೊಂಡು ಉಕ್ಕನ್ನು ಕುಕ್ರಿಯ ಬಾಯಿಗೆ ಉಜ್ಜಿದರೆ ಮಡಚಿದ ಅಂಚು ನೆಟ್ಟಗಾಗುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಸಾಣೆಯೂ ಬೆಂಕಿಪೆಟ್ಟಿಗೆಯೂ ಅಡುಗೆಮನೆ ಚೂರಿಯೂ ಒಂದೇ ಒರೆಯೊಳಗೆ. ಮನೆ ಬಿಟ್ಟು ದೂರ ಹೋಗುವವನಿಗಾಗಿಯೇ ಯಾರೋ ಕೂತು ಯೋಚಿಸಿದ ವಸ್ತು ಅದು.

ಕುಕ್ರಿ ಎಳೆದರೆ ರಕ್ತ ತೋರಿಸದೆ ಒರೆಗೆ ಹಾಕಬಾರದಂತೆ ಎಂದು ಪೇಟೆಯಲ್ಲಿ ಪಿಸುಗುಡುತ್ತಿದ್ದರು. ಅದು ನಿಜವಲ್ಲ. ನೇಪಾಳದ ಗುಡ್ಡಗಳಲ್ಲಿ ಅದರಿಂದ ಸೌದೆ ಸೀಳುತ್ತಾರೆ, ಪೊದೆ ಸವರುತ್ತಾರೆ, ತರಕಾರಿ ಹೆಚ್ಚುತ್ತಾರೆ. ದಿನಕ್ಕೆ ಹತ್ತು ಸಲ ಎಳೆಯುವ ಹತ್ಯಾರಿಗೆ ಹತ್ತು ಸಲ ರಕ್ತ ಎಲ್ಲಿಂದ ತರುವುದು? ಆ ಕಥೆ ಬೆಳೆದದ್ದು ಸೈನ್ಯದ ಬೆನ್ನಿಗೆ. 1814ರಿಂದ 1816ರವರೆಗಿನ ಯುದ್ಧದಲ್ಲಿ ಗೂರ್ಖಾಗಳ ಎದುರು ಏಟು ತಿಂದ ಈಸ್ಟ್ ಇಂಡಿಯಾ ಕಂಪನಿ ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಅವರನ್ನೇ ತನ್ನ ಪಡೆಗೆ ಸೇರಿಸಿಕೊಳ್ಳತೊಡಗಿತು. ಅಂದಿನಿಂದ ಕುಕ್ರಿ ಎಂದರೆ ಲೋಕಕ್ಕೆಲ್ಲ ಶೌರ್ಯದ ಗುರುತಾಯಿತು, ಹಿತ್ತಲಿನ ಕತ್ತಿ ಎಂಬುದು ಮರೆತುಹೋಯಿತು. ನಿಮ್ಮಂಥವರು ಪಾಸ್‌ಪೋರ್ಟಿಲ್ಲದೆ ಗಡಿ ದಾಟಿ ಕೊಪ್ಪದವರೆಗೆ ಬಂದು ಬಾಡಿಗೆ ಕೋಣೆ ಹಿಡಿದು ದುಡಿಯಲು ಆಸರೆಯಾದದ್ದು 1950ರ ಭಾರತ-ನೇಪಾಳ ಒಪ್ಪಂದ. ಆದರೆ ನಿಮ್ಮನ್ನು ಕಾವಲಿಗೆ ಇಟ್ಟುಕೊಂಡವರು ನೋಡಿದ್ದು ಆ ಒಪ್ಪಂದವನ್ನಲ್ಲ, ಸೊಂಟದ ಕುಕ್ರಿಯನ್ನು. ನೀವು ಅದನ್ನು ಎಳೆಯಬೇಕಾಗಿಯೇ ಬರಲಿಲ್ಲ.

ಅಲಗು ಹೇಗೆ ತಯಾರಾಗುತ್ತದೆ ಎಂಬುದು ನನಗೆ ಬೇಗ ಅರ್ಥವಾಯಿತು, ಯಾಕೆಂದರೆ ನಮ್ಮ ಆಚಾರ್ರ ಕುಲುಮೆಯಲ್ಲೂ ಅದೇ ನಡೆಯುತ್ತದೆ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿ, ಇದ್ದಿಲು, ತಿದಿ, ಅಡಿಗಲ್ಲು, ಸುತ್ತಿಗೆ. ನಿಮ್ಮ ಕಡೆಯ ಭೋಜ್‌ಪುರ, ಧರಾನ್‌ಗಳ ಕಮ್ಮಾರರೂ ಲಾರಿ ಪಟ್ಟಿಯನ್ನೇ ಹುಡುಕುತ್ತಾರೆ. ಹದ ಕೊಡುವುದರಲ್ಲಿ ಮಾತ್ರ ನಿಮ್ಮವರ ಜಾಣ್ಮೆ ಬೇರೆ. ಕೆಂಪಗೆ ಕಾದ ಅಲಗನ್ನು ಇಡಿಯಾಗಿ ನೀರಿಗೆ ಅದ್ದುವುದಿಲ್ಲ. ಚಹಾದ ಕೆಟಲ್ ಹಿಡಿದು ಬಾಯಿಯ ಅಂಚಿನ ಮೇಲಷ್ಟೇ ಸಣ್ಣ ಧಾರೆಯಾಗಿ ನೀರು ಬಿಡುತ್ತಾರೆ. ಅಂಚು ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಏಟು ತಾಳಿಕೊಳ್ಳುತ್ತದೆ. ಅಲಗಿನಲ್ಲಿ ಹಿಡಿಯ ಹತ್ತಿರ ಇರುವ ಪುಟ್ಟ ಕಚ್ಚಿನ ಬಗ್ಗೆ ಕಥೆಗಳು ಬೇಕಾದಷ್ಟು: ರಕ್ತ ಹಿಡಿಗೆ ಹರಿಯದಿರಲಿ ಎಂದು, ಹಸುವಿನ ಗೊರಸಿನ ಗುರುತೆಂದು, ಶಿವನ ತ್ರಿಶೂಲವೆಂದು.

ಒರೆಯ ಕೆಲಸ ಇದಕ್ಕಿಂತ ನಾಜೂಕು. ನಿಮ್ಮವರು ಅದನ್ನು ದಾಪ್ ಎನ್ನುತ್ತಾರೆ. ಹೊರಗಿನಿಂದ ಕಪ್ಪು ಚರ್ಮವಷ್ಟೇ ಕಂಡರೂ ಒಳಗಿರುವುದು ಮರ. ಹಗುರ ಮರದ ಎರಡು ಹೋಳು ತೆಗೆದು, ಅಲಗಿನ ಆಕಾರಕ್ಕೆ ಒಳಮೈ ಕೆತ್ತಿ, ಎರಡನ್ನೂ ಮುಖಾಮುಖಿ ಜೋಡಿಸುತ್ತಾರೆ. ಕುಕ್ರಿಯ ಹೊಟ್ಟೆ ಅದರ ಕೊರಳಿಗಿಂತ ಅಗಲ. ಹೊಟ್ಟೆ ಹೊಗುವಷ್ಟು ಒರೆಯ ಬಾಯಿ ತೆರೆದಿರಬೇಕು, ಆದರೆ ಓಡುವಾಗ ಅಲಗು ಜಾರಿ ಬೀಳಲೂಬಾರದು. ಬಾಗಿದ ಅಲಗು ಬಾಗಿದ ಮರಕ್ಕೆ ಒತ್ತಿ ನಿಲ್ಲುವಂತೆ ಒಳಮೈ ಕೆತ್ತಬೇಕು. ಒಂದು ಎಳೆ ಹೆಚ್ಚು ಕೆತ್ತಿದರೆ ಗಲಗಲ ಎನ್ನುತ್ತದೆ, ಕಡಿಮೆಯಾದರೆ ಎಳೆಯಲು ಬಾರದು.

ಆಮೇಲೆ ಚರ್ಮ. ಎಮ್ಮೆಯ ಚರ್ಮವನ್ನು ತೆಳ್ಳಗೆ ಹೆರೆದು, ನೆನೆಸಿ, ಒದ್ದೆಯಿರುವಾಗಲೇ ಮರದ ಮೇಲೆ ಬಿಗಿಯಾಗಿ ಎಳೆದು, ಹಿಂಬದಿಯಲ್ಲಿ ಹೊಲಿಯುತ್ತಾರೆ. ಒಣಗುತ್ತ ಚರ್ಮ ಕುಗ್ಗಿ, ಹಲಸಿನ ಬೀಜಕ್ಕೆ ಅಂಟಿದ ಸಿಪ್ಪೆಯಂತೆ ಮರವನ್ನು ಅಪ್ಪಿ ಹಿಡಿಯುತ್ತದೆ. ತುದಿಗೆ ಲೋಹದ ಟೊಪ್ಪಿ. ಅದಿಲ್ಲದಿದ್ದರೆ ಅಲಗಿನ ಮೊನೆ ಒಂದಲ್ಲ ಒಂದು ದಿನ ಹೊರಗೆ ಇಣುಕುತ್ತದೆ. ಮೇಲ್ಭಾಗಕ್ಕೆ ದಪ್ಪ ಚರ್ಮದ ಇನ್ನೊಂದು ಪಟ್ಟಿ ಸುತ್ತಿ, ಲಾಡಿಯಿಂದ ಬಿಗಿದು, ಬೆಲ್ಟು ತೂರಿಸಲು ಕುಣಿಕೆ ಬಿಡುತ್ತಾರೆ. ಕರ್ದಾ, ಚಕ್‌ಮಕ್‌ಗಳ ಕಿಸೆಯೂ ಅಲ್ಲೇ ಹಿಂದೆ. ಕುಕ್ರಿ ಎಳೆಯುವವನು ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಬೇಕು, ಅಲಗಿನ ಬಾಯಿಯ ಕಡೆಗೆ ಬೆರಳು ಸುತ್ತಬಾರದು. ಎಷ್ಟೇ ಗಟ್ಟಿ ಒರೆಯಾದರೂ ಹರಿತ ಅಲಗು ಅದನ್ನು ಸೀಳಿ ಹೊರಬರಬಹುದು. ನೀವು ನಮ್ಮ ಕೈಗೆ ಅದನ್ನು ಕೊಡದೆ ಇದ್ದದ್ದಕ್ಕೆ ಇದೇ ಕಾರಣ ಎಂದುಕೊಂಡಿದ್ದೇನೆ.

ಅಲಗು ಬಡಿಯುವವರು ಕಾಮಿ ಜನ, ಒರೆ ಹೊಲಿಯುವವರು ಸಾರ್ಕಿ ಜನ. ನೇಪಾಳದ ಹೆಮ್ಮೆಯ ಗುರುತನ್ನು ಮಾಡಿಕೊಟ್ಟ ಈ ಎರಡೂ ಜಾತಿಗಳನ್ನು 1854ರ ಮುಲುಕಿ ಐನ್ ಎಂಬ ಕಾನೂನು ಮುಟ್ಟಬಾರದವರ ಸಾಲಿಗೆ ಬರೆದಿಟ್ಟಿತ್ತು. ಕಾನೂನಿನ ಪುಸ್ತಕದಿಂದ ಅದು ಹೋದದ್ದು 1963ರಲ್ಲಿ. ಅವರು ಕೈಯಾರೆ ಮಾಡಿದ ಕುಕ್ರಿ ದೇವರ ಮುಂದೆ ಪೂಜೆಗೆ ಕೂರಬಹುದಿತ್ತು, ಅವರು ಹೊರಗೆ ನಿಲ್ಲಬೇಕಿತ್ತು. ನಮ್ಮದೇನೂ ಬೇರೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿ ತಂದರೆಂಬ ಕಥೆಯನ್ನು ಕಣ್ಣೊರೆಸಿಕೊಂಡು ಕೇಳುವ ನಾಡಿನಲ್ಲೇ, ಚರ್ಮ ಹದ ಮಾಡುವವರ ಕೇರಿ ಊರಾಚೆ ಇತ್ತು. ಮಲೆನಾಡಿನ ಕಾಡಿನಿಂದ ಮೂಟೆಗಟ್ಟಲೆ ಇಳಿದ ಅಳಲೆಕಾಯಿಗೂ ಬಯಲುಸೀಮೆಯ ತಂಗಡಿ ತೊಗಟೆಗೂ ಚರ್ಮವನ್ನು ಕೊಳೆಯದಂತೆ ಉಳಿಸುವ ಒಗರು ಇದೆ. ಆ ಒಗರನ್ನು ಬಳಸಲು ಬಲ್ಲ ಕೈಗಳಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಕುಕ್ರಿಯ ಬಗ್ಗೆ ಬರೆಯುವವರೆಲ್ಲ ಅದನ್ನು ಹಿಡಿದವನ ಬಗ್ಗೆ ಬರೆಯುತ್ತಾರೆ, ಸಾರ್ಕಿಯ ಸೂಜಿಯ ಬಗ್ಗೆ ಬರೆದದ್ದು ಕಡಿಮೆ. ಇದು ನನಗೆ ನೋವು ಕೊಡುತ್ತದೆ.

ನವರಾತ್ರಿಯಲ್ಲಿ ಶೃಂಗೇರಿಯ ಶಾರದೆಗೆ ದಿನಕ್ಕೊಂದು ಅಲಂಕಾರ ಆಗುತ್ತಿರುವಾಗ, ನಿಮ್ಮ ಊರಲ್ಲಿ ದಶೈಂ ಹಬ್ಬ. ನಾವು ಆಯುಧಪೂಜೆಗೆ ಕತ್ತಿ, ಹಾರೆ, ಗುದ್ದಲಿ ತೊಳೆದು ಕುಂಕುಮ ಇಡುವ ನವಮಿಯಂದೇ ನಿಮ್ಮವರೂ ಕುಕ್ರಿಗೆ ಪೂಜೆ ಮಾಡುತ್ತಾರೆ. ಆ ದಿನ ನೀವು ಕೊಪ್ಪದ ಬಾಡಿಗೆ ಕೋಣೆಯಲ್ಲಿ ಏನು ಮಾಡುತ್ತಿದ್ದಿರಿ?

ನಮ್ಮ ಮಳೆ ನಿಮ್ಮ ಒರೆಗೆ ಒಗ್ಗಿರಲಾರದು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದಕ್ಕೆ ಬಳಸಿದ ಒಗರೂ ಉಪ್ಪೂ ಕಬ್ಬಿಣವನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಅಲಗನ್ನು ಒರೆಯೊಳಗೇ ಬಿಟ್ಟರೆ ತುಕ್ಕು ಖಂಡಿತ. ನಮ್ಮ ಹಿರಿಯರು ಕತ್ತಿಯನ್ನು ಬರಿ ಕೊಕ್ಕೆಗೆ ಸಿಕ್ಕಿಸಿದ್ದಕ್ಕೆ ಈ ಮಳೆಯೂ ಕಾರಣವಿರಬೇಕು ಎಂಬುದು ನನ್ನ ಎಣಿಕೆ. ಒದ್ದೆಯಾದರೂ ಗಾಳಿಗೆ ಆರುತ್ತದೆ, ಸಂಜೆ ಒರೆಸಿ ಎಣ್ಣೆ ಸವರಿದರೆ ಮುಗಿಯಿತು.

ಆದರೆ ನಡೆದು ತೋಟಕ್ಕೆ ಹೋಗುವ ಕಾಲ ಮುಗಿದಿದೆ, ಗೂರ್ಖಣ್ಣ. ಈಗ ಎಲ್ಲರೂ ಬೈಕಿನಲ್ಲಿ ಹೋಗುತ್ತಾರೆ. ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕುತ್ತಾರೆ, ಇಲ್ಲವೇ ಬರಿ ಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡೇ ಗುಂಡಿ ಬಿದ್ದ ರಸ್ತೆಯಲ್ಲಿ ಹಾರುತ್ತಾರೆ. ಹಿಂದೆ ಮಗು ಕೂತಿರುತ್ತದೆ. ನೋಡಿದಾಗೆಲ್ಲ ಎದೆ ಝಲ್ ಎನ್ನುತ್ತದೆ. ನಿಮ್ಮ ಒರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಕಾರಣಕ್ಕೆ.

ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಕೂತು ನಮ್ಮ ಕತ್ತಿಗೆ ದಾಪ್ ಮಾಡಿಸುವ ಪ್ರಯತ್ನದಲ್ಲಿದ್ದೇನೆ. ಒಳಗಿನ ಮರಕ್ಕೆ ಹಾಲೆ ಮರದ ಹಲಗೆ ಸಿಕ್ಕಿದೆ, ಹಗುರವಾಗಿದೆ, ಕೆತ್ತಲು ಸುಲಭ. ತೊಡಕಿರುವುದು ಕತ್ತಿಯ ತುದಿಯಲ್ಲಿ. ನಮ್ಮ ಕತ್ತಿಯ ಮೂಗು ಕೊಕ್ಕಿನಂತೆ ಒಳಕ್ಕೆ ತಿರುಗಿದೆ, ನಿಮ್ಮದರಂತೆ ಮೊನೆಯಾಗಿ ಮುಗಿಯುವುದಿಲ್ಲ. ಮುಚ್ಚಿದ ಒರೆಯೊಳಗೆ ಅದು ಹೊಗುವುದೇ ಇಲ್ಲ. ನಮ್ಮ ಮೋಚಿಯವರು ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆನ್ನಿನ ಕಡೆ ಪೂರ್ತಿ ತೆರೆದಿಟ್ಟು ಎರಡು ಪಟ್ಟಿ ಹಾಕೋಣ, ಒಂದಕ್ಕೆ ಒತ್ತುಗುಂಡಿ, ಇನ್ನೊಂದಕ್ಕೆ ಬಕ್ಕಲ್ಲು ಎಂದಿದ್ದಾರೆ. ಬಾಯಿಯ ಕಡೆ ಹೊಲಿಗೆ ಬಂದರೆ ಅಲಗು ದಾರ ಕೊಯ್ಯುತ್ತದೆ, ಆದ್ದರಿಂದ ಅಲ್ಲಿ ಚರ್ಮ ಮಡಚಿರಬೇಕೇ ಹೊರತು ಹೊಲಿಗೆ ಇರಬಾರದು ಎಂಬುದೂ ಅವರಿಗೇ ಹೊಳೆದದ್ದು. ನಿಮ್ಮ ಸಾರ್ಕಿಗಳು ಹಿಂಬದಿಯಲ್ಲಿ ಹೊಲಿಯುತ್ತಾರೆ ಎಂದು ನಾನು ಹೇಳಿದಾಗ, ಮತ್ತೆ ಹೇಗೆ ಹೊಲಿಯುತ್ತಾರೆ ಎಂದು ಅವರು ದಾರಕ್ಕೆ ಮೇಣ ಎಳೆದರು.

ನೀರು ಇಳಿದು ಹೋಗಲು ತುದಿಯಲ್ಲಿ ಒಂದು ತೂತು ಬಿಡಬೇಕೆಂಬುದು ನನ್ನ ಸಲಹೆ. ಅಲ್ಲಿಂದ ಕೆಸರು ಒಳಗೆ ಬರುತ್ತದೆ ಎಂಬುದು ಅವರ ವಾದ. ಇನ್ನೂ ಇತ್ಯರ್ಥವಾಗಿಲ್ಲ. ನಿಮ್ಮ ಊರಲ್ಲೂ ಮುಂಗಾರು ಜೋರಂತೆ. ಅಲ್ಲಿ ಒರೆಯ ತುದಿಯ ಟೊಪ್ಪಿಗೆ ತೂತು ಇಡುತ್ತಿದ್ದರೇ? ಈ ಪತ್ರ ನಿಮಗೋ, ನಿಮ್ಮ ಮಕ್ಕಳಿಗೋ, ನಿಮ್ಮ ಕುಕ್ರಿ ಈಗ ಯಾರ ಬಳಿ ಇದೆಯೋ ಅವರಿಗೋ ಸಿಕ್ಕಿದರೆ, ಒರೆಯನ್ನು ತಲೆಕೆಳಗೆ ಮಾಡಿ ನೋಡಿ ಒಂದು ಸಾಲು ಬರೆದು ಹಾಕಿ. ಮುಂದಿನ ಮಳೆಗಾಲಕ್ಕೆ ಮೊದಲು ಹೊಲಿಗೆ ಮುಗಿಸಬೇಕಾಗಿದೆ.

ನಿಮ್ಮ ಪೇಟೆಯವನೊಬ್ಬ