ಕೊನೆಯ ತೂಬು

ಕಾಲೇಜಿನಲ್ಲಿ ಯಾವ ಕೆಲಸ ಯಾರಿಗೂ ಬೇಡವಾಗಿರುತ್ತದೆಯೋ ಅದು ನನ್ನ ಪಾಲಿಗೆ ಬರಬೇಕೆಂಬುದು ನನ್ನ ಜಾತಕದಲ್ಲಿಯೇ ಇದ್ದಂತಿದೆ. 2023ರ ಬೇಸಿಗೆಯಲ್ಲಿ ನಮ್ಮ ಕಂಪ್ಯೂಟರ್ ಇಂಜಿನಿಯರಿಂಗ್ ಪದವಿಯನ್ನು ಪರಾಮರ್ಶಿಸಿ, ಅದರ ಸುಧಾರಣೆಗೆ ಸಲಹೆ ಕೊಡಲು ಒಂದು ಸಮಿತಿ ಹುಟ್ಟಿತು. ಸಮಿತಿ ಹುಟ್ಟಿದ ಮೇಲೆ ಕಾರ್ಯದರ್ಶಿ ಬೇಕಷ್ಟೆ. ಕಾರ್ಯದರ್ಶಿ ಎಂದರೆ ಉಳಿದ ಸದಸ್ಯರು ಚಹಾ ಕುಡಿಯುತ್ತಿರುವಾಗ ಬರೆದುಕೊಳ್ಳುವವನು. ನಾನಾದೆ. ಕಾಲೇಜು ಯಾವುದೆಂದು ವಾಚಕರು ಕೇಳಬಾರದು. ಇನ್ನೂ ಕೆಲವು ವರ್ಷ ನಾನು ಅಲ್ಲಿಯೇ ಅನ್ನ ತಿನ್ನಬೇಕಾಗಿದೆ.

ಪರಾಮರ್ಶೆ ಎಂದೊಡನೆ ಪಠ್ಯವನ್ನು ನಾವೇ ತಿದ್ದಿಬಿಡುತ್ತೇವೆಂದು ಯಾರೂ ತಿಳಿಯಬೇಕಾಗಿಲ್ಲ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ಪಠ್ಯಕ್ರಮ ಅಲ್ಲಿಂದ ಬರುತ್ತದೆ. ನಮ್ಮಂಥ ಸಂಯೋಜಿತ ಕಾಲೇಜು ಅದರಲ್ಲಿ ಒಂದು ಅಲ್ಪವಿರಾಮವನ್ನೂ ಕದಲಿಸುವಂತಿಲ್ಲ. 2015ರದೊಂದು, 2018ರದೊಂದು, 2021ರದೊಂದು, ಅದರ ಬೆನ್ನಿಗೇ 2022ರದೊಂದು, ಹೀಗೆ ಸ್ಕೀಮುಗಳು ಬಂದಿವೆ. ನಮಗೆ ಉಳಿದದ್ದು ಅಳೆಯುವ ಕೆಲಸ. ಪ್ರತಿಯೊಂದು ವಿಷಯದಿಂದ ವಿದ್ಯಾರ್ಥಿ ಏನನ್ನು ಪಡೆಯಬೇಕೆಂದು ಐದಾರು ವಾಕ್ಯ ಬರೆಯುವುದು. ಇಡೀ ಪದವಿಯಿಂದ ಪಡೆಯಬೇಕಾದ ಹನ್ನೆರಡು ಫಲಗಳೊಡನೆ ಅವನ್ನು ಜೋಡಿಸಿ, ನಂಟು ಗಟ್ಟಿಯಾಗಿದ್ದರೆ 3, ಸುಮಾರಾಗಿದ್ದರೆ 2, ತೆಳುವಾಗಿದ್ದರೆ 1 ಎಂದು ಕೋಷ್ಟಕ ತುಂಬುವುದು. ಪರೀಕ್ಷೆಯ ಅಂಕಗಳಿಂದ ಆ ಫಲ ಎಷ್ಟು ಸಿದ್ಧಿಸಿತೆಂದು ಮತ್ತೆ ಲೆಕ್ಕ ಹಾಕುವುದು. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ ಈ ಕೋಷ್ಟಕಗಳಿಗೆ ಬಂದಿರುವ ಮರ್ಯಾದೆ ಅಷ್ಟಿಷ್ಟಲ್ಲ. ನಾನು ಇದನ್ನು ಹಾಸ್ಯ ಮಾಡುತ್ತಿಲ್ಲ; ಅಳತೆಯೇ ಇಲ್ಲದೆ ಪಾಠ ಹೇಳಿದ ಕಾಲವನ್ನೂ ಕಂಡವನು ನಾನು, ಅದೇನೂ ಸತ್ಯಯುಗವಾಗಿರಲಿಲ್ಲ.

ಅಳತೆಯಲ್ಲಿ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯವೂ ಸೇರಬೇಕು. ಅದಕ್ಕೊಂದು ಫಾರಮ್ಮು, ಒಂದೊಂದು ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕಿ. ನಮ್ಮ ಕಡೆಯ ತಾಲ್ಲೂಕುಗಳಿಂದ ಉತ್ತರ ಬಂದಿರಲಿಲ್ಲ. ‘ನೀವು ಮಸ್ಕಿ ಕಡೆಯವರಲ್ಲವೇ, ಹೋಗಿ ಬನ್ನಿ’ ಎಂದರು ವಿಭಾಗದ ಮುಖ್ಯರು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯಲ್ಲಿ ಸಾಲಾಗಿ ನಿಂತ ಊರುಗಳು. ಎರಡು ದಿನದ ಕೆಲಸ. ಒಪ್ಪಿಕೊಂಡು ಹೆಸರುಗಳ ಪಟ್ಟಿ ನೋಡಿದೆ. ಸಿಂಧನೂರಿನ ಕೆಳಗೆ ಒಂದು ಹೆಸರಿತ್ತು. ಅದನ್ನು ನೋಡಿ ಒಪ್ಪಿಕೊಳ್ಳಬಾರದಾಗಿತ್ತು ಎನಿಸಿತು.

ಅದು ಪ್ರಥಮ ವರ್ಷದ ಒಬ್ಬ ಹುಡುಗಿಯ ತಂದೆಯ ಹೆಸರು. ಆಕೆಯ ಅಣ್ಣ 2018ರಲ್ಲಿ ನಮ್ಮಲ್ಲಿಯೇ ಸೇರಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಲೆಕ್ಕದಲ್ಲಿ ಒಳ್ಳೆಯ ಅಂಕ. ಸಿ ಭಾಷೆಯ ಪ್ರಯೋಗ ಪರೀಕ್ಷೆಯಲ್ಲಿ ಅವನಿಗೆ ವಿದ್ಯುತ್ ಬಿಲ್ಲಿನ ಪ್ರೋಗ್ರಾಮು ಬಂದಿತ್ತು. ಇಂಜಿನಿಯರಿಂಗ್ ಓದಿದವರಿಗೆ ಅದು ಗೊತ್ತಿರಬಹುದು: ಮೊದಲ 200 ಯೂನಿಟ್ಟಿಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದರೆ ಒಂದು ರೂಪಾಯಿ, ಮೀಟರಿಗೆಂದು 100 ರೂಪಾಯಿ, ಒಟ್ಟು 400 ಮೀರಿದರೆ ಶೇಕಡ 15 ಅಧಿಕ. ಹುಡುಗ ಒಂದು ಅರ್ಧವಿರಾಮವೂ ತಪ್ಪದಂತೆ ಬರೆದ, ಟೈಪು ಮಾಡಿದ, ಉತ್ತರವೂ ಸರಿಯಾಗಿ ಬಂತು. ನಾನು ಪರೀಕ್ಷಕ. ‘ಮೊದಲ ಹಂತ 200ರ ಬದಲು 150 ಆದರೆ ಎಲ್ಲೆಲ್ಲಿ ಬದಲಾಯಿಸುವಿರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹುಡುಗ ಪರದೆಯನ್ನು ನೋಡುತ್ತ ನಿಂತ. ಮತ್ತೊಮ್ಮೆ ಕೇಳಿದೆ. ಅವನ ಕೈ ನಡುಗುತ್ತಿತ್ತು. ಬಾಯಿಪಾಠದವನೆಂದು ನಿರ್ಧರಿಸಿ ಅಂಕ ಕಡಿಮೆ ಹಾಕಿ ಮುಂದಿನವನನ್ನು ಕರೆದೆ. ಆ ವರ್ಷ ಅವನಿಗೆ ಇನ್ನೂ ನಾಲ್ಕಾರು ವಿಷಯಗಳು ಉಳಿದುವು. ‘ಇಯರ್ ಬ್ಯಾಕ್’ ಆಯಿತು. ಹುಡುಗ ಟ್ರಂಕು ಹೊತ್ತುಕೊಂಡು ಊರಿಗೆ ಹೋದ. ಇಷ್ಟೇ. ಕೋಷ್ಟಕದಲ್ಲಿ ಅವನು ಇಲ್ಲ. ಬಿಟ್ಟುಹೋದವರಿಗೆ ಅದರಲ್ಲಿ ಸಾಲು ಇಲ್ಲ.

ಲಿಂಗಸುಗೂರಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಯ ಮನೆಗೆ ಹೋದೆ. ಬೆಂಗಳೂರಿನ ಕಂಪೆನಿಯ ಕೆಲಸವನ್ನು ತವರಿನ ಅಟ್ಟದ ಮೇಲೆ ಕುಳಿತು ಮಾಡುತ್ತಿದ್ದಳು. ಒಗ್ಗರಣಿ ಮಿರ್ಚಿ ತಂದಿಟ್ಟು ಫಾರಮ್ಮಿನಲ್ಲಿ ಎಲ್ಲಕ್ಕೂ ಐದು ಹಾಕಿಕೊಟ್ಟಳು. ‘ನಿಜವಾಗಿ ಹೇಳವ್ವ’ ಎಂದೆ. ‘ನಿಜ ಅಂದ್ರ ಸರ್, ಫಾರ್ ಲೂಪ್ ನನಗ ತಿಳಿದದ್ದು ಮೂರನೇ ಸೆಮಿಸ್ಟರಿನಾಗ್ರಿ. ಹಾಸ್ಟೆಲ್‌ನಾಗ ಸೀನಿಯರ್ ಅಕ್ಕ ಒಬ್ಬಾಕಿ ರೊಟ್ಟಿ ಬಡಿಯೋದು ಹೇಳಿ ತಿಳಿಸಿದ್ಲು. ಹಿಟ್ಟು ಇರೋತನ ಬಡಿ, ತೀರಿದ ಮ್ಯಾಲೆ ನಿಲ್ಲಿಸು. ಅಲ್ಲೀತನ ಬರೇ ಬಾಯಿಪಾಠ.’ ಒಂದು ಕ್ಷಣ ಬಿಟ್ಟು ಅವಳೇ ಹೇಳಿದಳು: ‘ಆದ್ರ ಸರ್, ಎಲ್ಲಾ ಕನ್ನಡದಾಗ ಮಾಡಿಬಿಟ್ರ ನಮ್ಮ ಹುಡುಗರು ಇಂಟರ್‌ವ್ಯೂದಾಗ ಬೀಳ್ತಾರ್ರಿ. ನಾ ಎರಡು ಸಲ ಬಿದ್ದೀನಿ, ಇಂಗ್ಲಿಷಿಗೇ.’ ಎರಡನ್ನೂ ಬರೆದುಕೊಂಡೆ.

ಮಸ್ಕಿಯಲ್ಲಿ ಕಾಣಬೇಕಾದವರು ಊರಲ್ಲಿರಲಿಲ್ಲ. ಮುಂದಿನ ಬಸ್ಸಿಗೆ ಹೊತ್ತಿದ್ದುದರಿಂದ, ಹುಟ್ಟಿದೂರಿನವನಾದರೂ ಎಷ್ಟೋ ವರ್ಷದಿಂದ ನೋಡದಿದ್ದ ಅಶೋಕನ ಶಾಸನದ ಬಂಡೆಯ ಕಡೆ ನಡೆದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನದ ನಿಕ್ಷೇಪ ಹುಡುಕುತ್ತ ಬಂದು ಇದನ್ನು ಕಂಡನು. ಅಲ್ಲಿಯವರೆಗೆ ‘ದೇವಾನಾಂಪ್ರಿಯ’ ಎಂದು ಬಿರುದಿನಿಂದಲೇ ತಿಳಿದಿದ್ದ ದೊರೆಯ ಹೆಸರು ಅಶೋಕ ಎಂಬುದು ಈ ಬಂಡೆಯಿಂದ ಖಚಿತವಾಯಿತು. ಈ ಸಲ ನನಗೆ ಹೊಳೆದದ್ದು ಬೇರೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಹುದೆಂದು ಹೇಳುವ ಈ ಮಾತು ಕೊರೆದಿರುವುದು ಪ್ರಾಕೃತದಲ್ಲಿ. ಆಗಿನ ನಮ್ಮ ಊರಿನ ಕುರುಬನಿಗೋ ಒಕ್ಕಲಿಗನಿಗೋ ಅದು ತಿಳಿಯುವುದೆಂತು? ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ, ರಜ್ಜುಕನೆಂಬ ಅಧಿಕಾರಿ ಭೇರಿ ಹೊಡೆಸಿ ಜನರಿಗೆ ಇದನ್ನು ತಿಳಿಸಬೇಕೆಂಬ ಅಪ್ಪಣೆಯಿದೆ. ಚಕ್ರವರ್ತಿಗೂ ಕೊರೆಸಿದರಷ್ಟೇ ಸಾಲದೆಂದು ಗೊತ್ತಿತ್ತು. ಬೆಳಗಾವಿಯಿಂದ ಬಂದ ಪಠ್ಯಕ್ಕೆ ನಾನೂ ಒಬ್ಬ ರಜ್ಜುಕನಷ್ಟೆ; ಭೇರಿ ಮಾತ್ರ ಹೊಡೆದೆನೇನೋ.

ಸಿಂಧನೂರಿಗೆ ಮುಟ್ಟುವಾಗ ಮಧ್ಯಾಹ್ನ. ಅಲ್ಲಿಂದ ಆಟೋದಲ್ಲಿ ಹಳ್ಳಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಜೋಳದ ಎರೆ ಹೊಲಗಳು ನೆಲ್ಲಿನ ಗದ್ದೆಗಳಾದುವು, ಊರ ತುಂಬ ಅಕ್ಕಿ ಗಿರಣಿಗಳಾದುವು. ಆದರೆ ಕಾಲುವೆಯ ಮೇಲ್ಭಾಗದವರ ಕಥೆ ಒಂದು, ಕೊನೆಯವರ ಕಥೆ ಒಂದು. ಈ ಮನುಷ್ಯನ ಮೂರೆಕರೆ ಇದ್ದದ್ದು ಉಪಕಾಲುವೆಯ ಕೊನೆಯ ತೂಬಿನ ಕೆಳಗೆ.

‘ಬರ್ರಿ ಸರ, ಕುಂದರ್ರಿ’ ಎಂದು ಮಂಚದ ಮೇಲಿನ ಚೀಲ ಸರಿಸಿದ. ಮಗನ ಮಾತು ತೆಗೆಯುವನೆಂದು ಕಾದೆ, ತೆಗೆಯಲಿಲ್ಲ. ಫಾರಮ್ಮನ್ನು ಓದಿ ಹೇಳಿದೆ. ‘ಪಠ್ಯಕ್ರಮ ನಿಮಗೆ ಎಷ್ಟು ತೃಪ್ತಿ ಕೊಟ್ಟೈತಿ ಅಂತ ಒಂದರಿಂದ ಐದರತನ ಅಂಕಿ ಹಾಕ್ರಿ ಅಣ್ಣಾರ.’

ಆತ ಬಹಳ ಹೊತ್ತು ಕಾಗದವನ್ನೇ ನೋಡಿದ. ‘ಸರ, ಕಾಲುವಿಗೂ ಹಿಂಗ ಗೇಜು ಬರಕೊಳ್ತಾರ್ರಿ. ಮ್ಯಾಲೆ ಇಷ್ಟಡಿ ನೀರು ಬಿಟ್ಟೀವಿ ಅಂತಾರ. ಬಿಟ್ಟದ್ದು ಸುಳ್ಳಲ್ರಿ. ನನ್ನ ತೂಬಿಗೆ ಬಂದಿಲ್ಲ ಅನ್ನೋದೂ ಸುಳ್ಳಲ್ಲ. ನೀವು ಗೇಜು ಎಲ್ಲಿ ಇಟ್ಟೀರಿ?’

ನಾನು ಉತ್ತರ ಹುಡುಕುತ್ತಿರುವಾಗ ಆತನೇ, ‘ಒಂದು ಸಲ ನೀರು ಬರಲಿಲ್ಲಂತ ಸಸಿ ಹಚ್ಚೋದು ಬಿಡಾಕ ಆಗ್ತೈತೇನ್ರಿ? ಅದಕ್ಕ ಮಗಳನ್ನ ಕಳಿಸೀನಿ’ ಎಂದ. ಅಂಕಿ ಹಾಕದೆ ರುಜು ಮಾತ್ರ ಮಾಡಿಕೊಟ್ಟ.

ಹುಡುಗ ಗಿರಣಿಯ ವೇಬ್ರಿಡ್ಜಿನಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತ. ನನಗೇ ಕುಳಿತುಕೊಳ್ಳಲು ಸಂಕೋಚವಾಯಿತು. ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದುವು. ಕೆಲಸ ಹೇಗೆಂದು ಕೇಳಿದ್ದಕ್ಕೆ ಹೇಳಿದ: ‘ತೇವ 17ರ ಒಳಗಿದ್ರ ಏನೂ ಹಿಡಿಯಂಗಿಲ್ರಿ ಸರ್. 17 ದಾಟಿದ್ರ ಒಂದೊಂದು ಪರ್ಸೆಂಟಿಗೆ ಇಷ್ಟಂತ ತೂಕದಾಗ ಹಿಡಿತೀವ್ರಿ. 20 ದಾಟಿತಂದ್ರ ಒಣಗಿಸಿಕೊಂಡು ಬರ್ರಿ ಅಂತ ವಾಪಸ್ ಕಳಿಸ್ತೀವಿ.’

‘17 ತೆಗೆದು 16 ಮಾಡಿದ್ರ?’ ಎಂದೆ. ಯಾಕೆ ಕೇಳಿದೆನೋ.

‘ಒಂದು ಪರ್ಸೆಂಟ್ ಮೊದ್ಲ ಹಿಡಿಯಾಕ ಶುರು ಆಗ್ತೈತ್ರಿ. ಉಳಿದದ್ದು ಹಂಗ ಇರ್ತೈತಿ. 20ರದ್ದು ಮುಟ್ಟೋದು ಬ್ಯಾಡ.’ ಒಂದು ಗಳಿಗೆಯೂ ಯೋಚಿಸಲಿಲ್ಲ.

‘ಆ ಕರೆಂಟ್ ಬಿಲ್ಲಿನ ಪ್ರೋಗ್ರಾಮು ಇದಾ ಅಲ್ಲೇನಪ್ಪ?’

ಹುಡುಗ ನನ್ನನ್ನೇ ನೋಡಿದ. ಹೊರಗೆ ಡ್ರೈವರು ಹಾರ್ನು ಹೊಡೆಯುತ್ತಿದ್ದ. ‘ಹಿಂಗಂತ ಆವಾಗ ಹೇಳಿದ್ರ ಆಗ್ತಿತ್ತಲ್ರಿ ಸರ್’ ಎಂದು ಚೀಟಿ ಹರಿದುಕೊಡಲು ಹೋದ. ಮಾತಿನಲ್ಲಿ ಸಿಟ್ಟಿರಲಿಲ್ಲ.

ಮರಳಿ ಬಂದು ಫಾರಮ್ಮುಗಳನ್ನು ಗುಮಾಸ್ತರಿಗೆ ಕೊಟ್ಟೆ. ಅಂಕಿಯಿಲ್ಲದ ಫಾರಮ್ಮನ್ನು ಎತ್ತಿ ಹಿಡಿದು, ‘ಇದಕ್ಕೇನು ಹಾಕಲಿ? ಖಾಲಿ ಬಿಟ್ಟರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ‘ಮೂರು ಹಾಕಿಬಿಡೋಣ’ ಎಂದು ಹಾಕಿಬಿಟ್ಟರು.

ಸಮಿತಿಯಲ್ಲಿ ನಾನು ಹೇಳಿದ್ದು ದೊಡ್ಡದೇನಲ್ಲ. ಕನ್ನಡದಲ್ಲಿ ಪದವಿ ಕೊಡಿ ಎನ್ನಲಿಲ್ಲ. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಬಿ.ಇ. ನಡೆಸಲು ಸಮ್ಮತಿಸಿದಾಗ ನಾನು ಬಲ್ಲ ತಂದೆತಾಯಿಗಳಾರೂ ಹಿಗ್ಗಲಿಲ್ಲ, ಅವರ ಭಯ ಸುಳ್ಳೂ ಅಲ್ಲ. ಮೊದಲ ಆರು ವಾರ ಲೆಕ್ಕದ ದಾರಿಯನ್ನು ಹುಡುಗರು ತಮ್ಮ ಮಾತಿನಲ್ಲಿ ಹೇಳಲಿ, ಬರೆಯಲಿ. ಆಮೇಲೆ ಸಿ ಬರಲಿ. ಪ್ರಯೋಗ ಪರೀಕ್ಷೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಅಂಕಿ ಬದಲಿಸಿ ಕೊಡೋಣ, ಅದನ್ನು ಯಾವ ಭಾಷೆಯಲ್ಲಾದರೂ ವಿವರಿಸಲಿ. ಇಷ್ಟೇ. 2022ರ ಸ್ಕೀಮಿನಲ್ಲಿ ಕನ್ನಡಿಗರಿಗೆ ‘ಸಾಂಸ್ಕೃತಿಕ ಕನ್ನಡ’ವೆಂದು ಒಂದು ಕ್ರೆಡಿಟ್ಟಿನ ಪಾಠವಿದೆ. ಕನ್ನಡಕ್ಕೆ ಸಂಸ್ಕೃತಿಯ ಕೋಣೆಯಲ್ಲಿ ಮಣೆ ಹಾಕಿದ್ದೇವೆ, ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿಯೊಡನೆ ಬಿಡಿಸಿದ್ದೇವೆ ಎಂದೆ. ಮಾತು ಚೆನ್ನಾಗಿದೆ ಎಂದು ಒಬ್ಬರು ನಕ್ಕರು. ಇನ್ನೊಬ್ಬರು, ‘ಇದನ್ನು ಹನ್ನೆರಡರಲ್ಲಿ ಯಾವುದಕ್ಕೆ ಜೋಡಿಸುತ್ತೀರಿ?’ ಎಂದು ಕೇಳಿದರು. 371ಜೆ ಬಂದ ಮೇಲೆ ನಮ್ಮ ಭಾಗದ ಹುಡುಗರಿಗೆ ಸೀಟಿನ ತೊಂದರೆ ಎಷ್ಟೋ ತಪ್ಪಿತಲ್ಲ ಎಂದು ಮೂರನೆಯವರು ಸಮಾಧಾನ ಹೇಳಿದರು. ಸೀಟು ಸಿಕ್ಕಿತು, ನಿಜ; ಕುಳಿತ ಮೇಲಿನದಲ್ಲವೇ ನಾನು ಹೇಳುತ್ತಿದ್ದುದು!

ಕೊನೆಗೆ ‘ಪಠ್ಯದಾಚೆಗಿನ ವಿಷಯ’ವೆಂಬ ಕಲಮಿನ ಕೆಳಗೆ ಬುಧವಾರ ಸಂಜೆ ಒಂದು ತಾಸು ದೊರೆಯಿತು. ಹಾಜರಿಯಿಲ್ಲ. ಮೊದಲ ಬುಧವಾರ ಹನ್ನೊಂದು ಮಂದಿ ಬಂದರು; ತಿಂಗಳು ಕಳೆಯುವಷ್ಟರಲ್ಲಿ ಬೆಂಚು ಸಾಲಲಿಲ್ಲ. ನನ್ನ ಅಧಿಕಾರಕ್ಕೆ ಒಳಪಟ್ಟ ಆಂತರಿಕ ಪರೀಕ್ಷೆಯಲ್ಲಿ ಅಂಕಿಯನ್ನೂ ಬದಲಿಸಿಕೊಟ್ಟೆ. ಪರಿಣಾಮವಾಗಿ ನನ್ನ ವಿಷಯದ ಫಲಸಿದ್ಧಿ 3ರಿಂದ 2ಕ್ಕೆ ಇಳಿಯಿತು. ಸುಧಾರಣಾ ಸಮಿತಿಯ ಕಾರ್ಯದರ್ಶಿಯೇ ಹೀಗೆ ಮಾಡಿದರೆ ಹೇಗೆಂದು ಲಿಖಿತ ಸಮಜಾಯಿಷಿ ಕೇಳಿದರು. ಬರೆದುಕೊಟ್ಟೆ.

ಆ ಪರೀಕ್ಷೆಯಲ್ಲಿ ಸಿಂಧನೂರಿನ ಹುಡುಗಿಗೆ ಅದೇ ವಿದ್ಯುತ್ ಬಿಲ್ಲು ಬಂತು. ನಾನು ಕೊಟ್ಟದ್ದಲ್ಲ, ಚೀಟಿಯೆತ್ತಿದ್ದು ಅವಳೇ. 200 ಹೊಡೆದು 150 ಎಂದು ಬರೆದೆ. ಅವಳು ಎರಡು ಕಡೆ ತಿದ್ದಿ ಓಡಿಸಿ ತೋರಿಸಿದಳು. ಆಮೇಲೆ ಕೈಕಟ್ಟಿಕೊಂಡು, ‘ಸರ್, ಒಟ್ಟು 400 ದಾಟಿದ್ರ ಅಂತ ಐತಲ್ರಿ, ಅದು ಮೀಟರಿನ 100 ಕೂಡಿಸಿದ ಮ್ಯಾಲೆ ನೋಡೋದಾ, ಕೂಡಿಸೋಕಿಂತ ಮೊದ್ಲಾ?’ ಎಂದಳು.

ಇಷ್ಟು ವರ್ಷ ಆ ಲೆಕ್ಕವನ್ನು ಪಾಠ ಹೇಳಿದವನು ನಾನು. ಪ್ರಶ್ನೆಪತ್ರವನ್ನು ಇಸಕೊಂಡು ಎರಡು ಸಲ ಓದಿದೆ. ನಾಳೆ ಹೇಳುತ್ತೇನೆ ಎಂದೆ.