ಘೋಷಣೆ ಆಯ್ತು, ಕಾಗದ ಎಲ್ಲಿ?

2025ರ ಏಪ್ರಿಲ್. ಪಹಲ್ಗಾಮ್‌ನಲ್ಲಿ 26 ಮಂದಿ ಸತ್ತ ವಾರ. ವಿಜಯನಗರದ ನಮ್ಮ ಬಾಡಿಗೆ ಮನೆಯ ಕೆಳಗಡೆ, ಓನರ್ ಆಂಟಿಯ ಟಿವಿ ಮುಂದೆ ಕೂತಿದ್ದೆವು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಅವರ ಕುಟುಂಬಗಳಿಗೆ ರಾಜ್ಯ ಸರ್ಕಾರ ತಲಾ 10 ಲಕ್ಷ ರೂಪಾಯಿ ಘೋಷಿಸಿತು. ಜಮ್ಮು-ಕಾಶ್ಮೀರ ಸರ್ಕಾರವೂ ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ಅಂದಿತ್ತು. ಆಂಟಿ ನಮ್ಮ ಕಡೆ ತಿರುಗಿ ಕೇಳಿದರು:

"ಮಂತ್ರಿಗಳು ಮನೆಗೆ ಬಂದ್ರೆ ಸರಿ. ಬರದೇ ಇದ್ರೆ ಆ ದುಡ್ಡು ಎಲ್ಲಿ ಹೋಗಿ ಕೇಳ್ಬೇಕು? ನೀವು ಪೇಪರ್‌ನೋರು, ಗೊತ್ತಿರ್ಬೇಕಲ್ಲ."

ಗೊತ್ತಿರಲಿಲ್ಲ. ಮೂವರೂ ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದವರು. 'ಪರಿಹಾರ ಘೋಷಣೆ' ಎಂಬ ತಲೆಬರಹವನ್ನು ಲೆಕ್ಕವಿಲ್ಲದಷ್ಟು ಸಲ ಕೊಟ್ಟಿದ್ದೇವೆ. ಅರ್ಜಿ ಯಾರಿಗೆ ಕೊಡಬೇಕು ಅಂತ ಒಂದು ಸಲವೂ ಬರೆದಿಲ್ಲ.

ಆಂಟಿ ಸುಮ್ಮನೆ ಕೇಳಿರಲಿಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ ಆದಾಗ ಅವರ ತಮ್ಮ ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ ಕೆಲಸಕ್ಕಿದ್ದರು. ಆ ದಿನ ಮಡಿವಾಳದ ಬಸ್ ನಿಲ್ದಾಣದ ಬಳಿ ಒಬ್ಬ ಮಹಿಳೆ ಸತ್ತರು. ನಾಯಂಡಹಳ್ಳಿಯೂ ಸ್ಫೋಟವಾದ ಜಾಗಗಳಲ್ಲಿ ಒಂದು. ನಾವಾಗ ಊರಿನ ಶಾಲೆಯಲ್ಲಿದ್ದೆವು. ಬೆಂಗಳೂರಿಗೆ ದುಡಿಯಲು ಹೋದ ಅಣ್ಣಂದಿರ ಫೋನು ಸಿಗದೆ ಮನೆಯವರೆಲ್ಲ ಒದ್ದಾಡಿದ್ದು ಇನ್ನೂ ನೆನಪಿದೆ.

ಮುಂದಿನ ಭಾನುವಾರ ಆಂಟಿಯ ತಮ್ಮ ಬಂದರು. ಅಂಗಿಯ ತೋಳು ಮಡಿಸಿ ಮೊಣಕೈ ಕೆಳಗಿನ ಗಾಯದ ಗುರುತು ತೋರಿಸಿದರು. "ಅಲ್ಲೇ ಒಂದು ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿಸ್ಕೊಂಡು ಮನೆಗೆ ಬಂದೆ. ಸ್ಟೇಷನ್‌ಗೆ ಹೋದ್ರೆ ಹತ್ತು ಸಲ ಕರೀತಾರೆ ಅಂತ ಭಯ. ಮೂರು ವಾರ ಕೆಲಸ ಇಲ್ಲ, ಸಂಬಳ ಇಲ್ಲ." ಕ್ಲಿನಿಕ್‌ನ ಚೀಟಿಯೂ ಉಳಿದಿಲ್ಲ. ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಅವತ್ತಿನಿಂದ ನಿಯಮಗಳನ್ನು ಹುಡುಕಿ ಓದಲು ಕೂತೆವು. ಭಯೋತ್ಪಾದನೆ, ಕೋಮು ಹಿಂಸೆ ಮತ್ತು ನಕ್ಸಲ್ ಹಿಂಸೆಗೆ ಸಿಕ್ಕ ನಾಗರಿಕರಿಗಾಗಿ ಕೇಂದ್ರ ಗೃಹ ಸಚಿವಾಲಯದ ಒಂದು ಯೋಜನೆ ಇದೆ. ಅದು ಜಾರಿಗೆ ಬಂದಿದ್ದು 2008ರ ಏಪ್ರಿಲ್ 1ಕ್ಕೆ. ಅಂದರೆ ನಾಯಂಡಹಳ್ಳಿ ಸ್ಫೋಟಕ್ಕೆ ನಾಲ್ಕು ತಿಂಗಳೂ ಇಲ್ಲದಾಗ! ಆಗ 3 ಲಕ್ಷ ಇದ್ದ ಮೊತ್ತ 2016ರ ಆಗಸ್ಟ್‌ನಲ್ಲಿ 5 ಲಕ್ಷ ಆಯಿತು. ಗಡಿಯಾಚೆಯ ಗುಂಡಿನ ದಾಳಿ, ನೆಲಬಾಂಬ್ ಸ್ಫೋಟಕ್ಕೆ ಸಿಕ್ಕವರೂ ಸೇರಿದರು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಅರ್ಹರನ್ನು ಗುರುತಿಸುತ್ತದೆ. ರಾಜ್ಯ ಮೊದಲು ಹಣ ಕೊಟ್ಟು ಆಮೇಲೆ ಕೇಂದ್ರದಿಂದ ವಾಪಸ್ ಪಡೆಯುತ್ತದೆ. ಆದರೆ ಈ ಹಣ ಸಿಗುವುದು ಸಾವಾದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ ಮಾತ್ರ. ಈಗಿನ ನಿಯಮದಲ್ಲಿ ವೈಕಲ್ಯ ಶೇ 50 ಅಥವಾ ಹೆಚ್ಚು ಇರಬೇಕು. ಹೊಲಿಗೆ ಹಾಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತವರಿಗೆ ಇಲ್ಲಿ ಜಾಗವಿಲ್ಲ.

ಅಂಥವರಿಗೆ ಇನ್ನೊಂದು ದಾರಿ ಇದೆ. ಯಾವುದೇ ಅಪರಾಧದಲ್ಲಿ ನಷ್ಟ ಅಥವಾ ಗಾಯ ಆದವರಿಗೆ ರಾಜ್ಯ ಪರಿಹಾರ ಕೊಡಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357ಎ ಕಲಂ ಸೇರಿತು. ಕರ್ನಾಟಕ ಇದಕ್ಕೆ 2011ರಲ್ಲಿ ಯೋಜನೆ ಮಾಡಿತು. ಈಗ ಇದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಆರೋಪಿ ಯಾರೆಂದು ಪತ್ತೆಯಾಗದಿದ್ದರೂ ಹಾಕಬಹುದು. ಆದರೆ ಆ ಕಲಂ ಜಾರಿಗೆ ಬಂದದ್ದು 2009ರ ಡಿಸೆಂಬರ್ 31ಕ್ಕೆ. ಒಂದು ಯೋಜನೆಗೆ ಅವರ ಗಾಯ ಸಾಲದು, ಇನ್ನೊಂದು ಕಾನೂನು ಆಗಿನ್ನೂ ಹುಟ್ಟಿರಲಿಲ್ಲ. ಆಂಟಿಯ ತಮ್ಮ ಎರಡರ ಸಂದಿಯಲ್ಲಿ ಸಿಕ್ಕಿಕೊಂಡಿದ್ದರು.

ಇದನ್ನು ಅವರಿಗೆ ಹೇಳುವುದು ನಮಗೆ ಕಷ್ಟವಾಯಿತು. ಅವರು ಮಾತ್ರ ನಕ್ಕರು. "ನಂದು ಬಿಡ್ರಪ್ಪ, ಕೈ ಇದೆಯಲ್ಲ. ಮುಂದೆ ಯಾರಿಗಾದ್ರೂ ಆದ್ರೆ ಏನ್ ಮಾಡ್ಬೇಕು ಅಂತ ಬರೀರಿ."

ಅದಕ್ಕೇ ಬರೆಯುತ್ತಿದ್ದೇವೆ. ಗಾಯ ಸಣ್ಣದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇದು ಸ್ಫೋಟದ ಗಾಯ ಅಂತ ಬಾಯಿಬಿಟ್ಟು ಹೇಳಿ, ಎಂಎಲ್‌ಸಿ ಬರೆಸಿ. ಪೊಲೀಸರಿಗೆ ಹೇಳಿಕೆ ಕೊಡಿ, ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ. ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿ. ತಡ ಮಾಡದೆ ಅರ್ಜಿ ಹಾಕಿ. ದಾರಿ ಗೊತ್ತಾಗದಿದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ನಮ್ಮ ಭಾಗದವರು ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಇಳಿದರೆ ಬೆಂಗಳೂರು ನಗರ ಜಿಲ್ಲಾಧಿಕಾರಿ ಕಚೇರಿ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿದೆ.

ಆಂಟಿ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡು ಗ್ಯಾಸ್ ಬುಕ್ಕಿನೊಳಗೆ ಇಟ್ಟುಕೊಂಡಿದ್ದಾರೆ. ನಾವು 'ಪರಿಹಾರ ಘೋಷಣೆ' ಅಂತ ತಲೆಬರಹ ಕೊಟ್ಟಾಗಲೆಲ್ಲ ಈಗ ಸುದ್ದಿಯ ಕೊನೆಗೆ ಎರಡು ಸಾಲು ಸೇರಿಸುತ್ತೇವೆ: ಯಾರಿಗೆ ಸಿಗುತ್ತದೆ, ಎಲ್ಲಿ ಕೇಳಬೇಕು. ಜಾಗ ಸಾಲದೆ ಡೆಸ್ಕಿನಲ್ಲಿ ಆ ಎರಡು ಸಾಲು ಕತ್ತರಿಸಿದ ದಿನ ಜಗಳ ಆಡುತ್ತೇವೆ.