ಅಟ್ಟ, ನೆಲ, ಹಗೇವು

ತಾತನ ಕಾಲದ ವಾಲ್ವ್ ರೇಡಿಯೋ ಹಾಡುವುದನ್ನು ಬಿಟ್ಟು ದುಂಬಿಯಂತೆ ಗುಂಯ್‌ಗುಡತೊಡಗಿದರೆ, ವಯಸ್ಸಾಯಿತು ಎಂಬ ಒಂದೇ ಮಾತಿನಲ್ಲಿ ಮನೆಯವರು ಅದನ್ನು ಮೂಲೆಗೆ ಸೇರಿಸಿಬಿಡುತ್ತಾರೆ. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಅದನ್ನು ಕೇಳಿಸಿಕೊಂಡ ಪೆಟ್ಟಿಗೆಗಳ ಕುಲ ಅದು. ಅನೇಕ ವೇಳೆ ಅದರ ಕಂಠ ನೆಟ್ಟಗಿರುತ್ತದೆ, ಕೆಟ್ಟಿರುವುದು ಊಟ.

ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ತೂಗಾಡುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ಪಾಲು ಮಾಡುತ್ತದೆ: ವಾಲ್ವುಗಳ ಒಡಲು ಕಾಯಿಸಲು 6.3 ವೋಲ್ಟು, ತಟ್ಟೆಗಳಿಗೆ ಸುಮಾರು 250 ವೋಲ್ಟು. ಈ ಎರಡನೆಯ ಪಾಲನ್ನು ರೆಕ್ಟಿಫೈಯರು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಕೆಪಾಸಿಟರು ಎಂಬ ತೊಟ್ಟಿ ಅದರ ಏರಿಳಿತವನ್ನು ನುಂಗಿ ಸಮನಾಗಿ ಹರಿಸುತ್ತದೆ. ಹೀಗೆ ಹದಗೊಂಡು ಮಂಡಲದ ಉದ್ದಕ್ಕೂ ಹಾಯುವ ದಾರಿಗೆ ಎಂಜಿನಿಯರುಗಳು ‘ರೈಲು’ ಎನ್ನುತ್ತಾರೆ. ಹಳಿಯಂತೆ ಉದ್ದಕ್ಕೂ ಚಾಚಿಕೊಂಡಿರುವುದಕ್ಕೆ ಒಪ್ಪುವ ಹೆಸರೇ. ತೊಟ್ಟಿ ಒಣಗಿತೆಂದರೆ ಸೆಕೆಂಡಿಗೆ 100 ಅಲೆಗಳು ರೈಲನ್ನೇರಿ ಸಂಗೀತದೊಳಗೆ ನುಗ್ಗುತ್ತವೆ. ಆ ಗುಂಯ್‌ಕಾರ ಅದೇ.

ವೋಲ್ಟೇಜು ಎಂಬುದು ಎತ್ತರದಂತೆ. ಎಲ್ಲಿಂದ ಅಳೆದದ್ದು ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ಒಂದು ತಂತಿಯನ್ನು ಸೊನ್ನೆ ಎಂದು ಒಪ್ಪಿಕೊಂಡರೆ ಅದೇ ನೆಲ. ಮೇಲಿನ +12 ವೋಲ್ಟು ಅಟ್ಟ, ಕೆಳಗಿನ -12 ವೋಲ್ಟು ಹಗೇವು. ಧ್ವನಿಯ ಅಲೆ ಎರಡೂ ಕಡೆಗೆ ತೂಗುವುದರಿಂದ ಅನೇಕ ಆಂಪ್ಲಿಫೈಯರುಗಳಿಗೆ ಎರಡೂ ಬೇಕು.

ಇಂದಿನ ಮೇಜಿನ ಗಣಕದಲ್ಲಿ 12, 5, 3.3 ವೋಲ್ಟುಗಳ ರೈಲುಗಳಿದ್ದರೂ ಅದರ ಮಿದುಳು ಬೇಡುವುದು ಸುಮಾರು 1 ವೋಲ್ಟು. ಮಿತಾಹಾರಿ ಎಂದುಕೊಳ್ಳುವಂತಿಲ್ಲ. 1 ವೋಲ್ಟಿನಲ್ಲಿ 100 ವಾಟು ಬೇಕಾದರೆ 100 ಆಂಪಿಯರು ಹರಿಯಬೇಕು. ದಾರಿಯಲ್ಲಿ ಓಮಿನ ಸಾವಿರದಲ್ಲೊಂದು ಪಾಲು ಅಡ್ಡಿಯಿದ್ದರೂ ಹತ್ತನೆಯ ಒಂದು ಭಾಗ ಅಲ್ಲೇ ಸೋರಿಹೋಗುತ್ತದೆ. ಆದುದರಿಂದ 12 ವೋಲ್ಟನ್ನು ಮಿದುಳಿನ ಪಕ್ಕದವರೆಗೂ ತಂದು, ಅಲ್ಲಿಯೇ ಇಳಿಸುತ್ತಾರೆ. ಅಡಿಗೆಯನ್ನು ಎಲೆಯ ಮುಂದೆಯೇ ಬಡಿಸಿದ ಹಾಗೆ.

ಹಳೆಯ ರೇಡಿಯೋವನ್ನು ಬಿಚ್ಚಲು ಹೊರಡುವ ಉತ್ಸಾಹಿ ಹುಡುಗರಿಗೆ ಮಾತ್ರ ಎರಡು ಅಪಾಯಗಳನ್ನು ತಿಳಿಸಲೇಬೇಕು. ಟ್ರಾನ್ಸ್‌ಫಾರ್ಮರಿಲ್ಲದ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ‘ನೆಲ’ವೆನಿಸಿದ ಕಬ್ಬಿಣದ ಚೌಕಟ್ಟೇ ಗೋಡೆಯ ವಿದ್ಯುತ್ತಿಗೆ ನೇರವಾಗಿ ಸೇರಿರುತ್ತದೆ, ಗುಂಡಿಯ ತಿರುಪು ಸೋಕಿದರೂ ಹೊಡೆಯಬಹುದು. ಪ್ಲಗ್ಗು ಕಿತ್ತ ಮೇಲೂ ತೊಟ್ಟಿಯಲ್ಲಿ ನೂರಾರು ವೋಲ್ಟು ಉಳಿದಿರಬಹುದು. ಬಲ್ಲ ರಿಪೇರಿಗಾರ ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಒಳಗೆ ಕೈ ಹಾಕುತ್ತಾನೆ.